ಸ್ಪ್ಲಿಟರ್ ಎಲ್ಲಿರಬೇಕು? ದಕ್ಷತೆಯ ಲೆಕ್ಕದಲ್ಲಿ ಬಿಟ್ಟುಹೋದದ್ದು

ಕಳೆದ ಮಳೆಗಾಲಕ್ಕೆ ತುಸು ಮೊದಲು ನಮ್ಮ ಬೀದಿಯಲ್ಲಿ ಚರಂಡಿ ಅಗಲಗೊಳಿಸುವ ಕೆಲಸ ನಡೆಯಿತು. ಮೊದಲ ದಿನವೇ ಅಗೆಯುವ ಯಂತ್ರದ ಹಲ್ಲಿಗೆ ಬೆರಳಿನಷ್ಟು ದಪ್ಪದ ಕಪ್ಪು ಕೇಬಲ್ಲೊಂದು ಸಿಕ್ಕಿ ತುಂಡಾಯಿತು. ಇಪ್ಪತ್ತಾರು ಮನೆಗಳಲ್ಲಿ ಎರಡು ದಿನ ಇಂಟರ್‌ನೆಟ್ ಇರಲಿಲ್ಲ. ಮೂರನೆಯ ದಿನ ಬಂದ ಕೆಲಸಗಾರ ಮಣ್ಣಿನ ದಿಬ್ಬದ ಮೇಲೆ ಕೊಡೆ ನೆಟ್ಟುಕೊಂಡು, ಕೂದಲೆಳೆಯಂಥ ಗಾಜಿನ ತಂತುಗಳನ್ನು ಪುಟ್ಟ ಯಂತ್ರದಲ್ಲಿಟ್ಟು ಒಂದೊಂದಾಗಿ ಬೆಸೆಯುತ್ತಿದ್ದ. "ಸ್ಪ್ಲಿಟರ್ ಎಲ್ಲಿದೆಯಪ್ಪ?" ಎಂದು ಕೇಳಿದೆ. ಬೀದಿಯ ತುದಿಯಾಚೆಗಿನ ಕಂಬದತ್ತ ಕೈ ತೋರಿಸಿದ. "ಅಲ್ಲಿಟ್ಟಿದಾರೆ ಸಾರ್. ಇಲ್ಲೇ ಬೀದಿ ಒಳಗಿಟ್ಟಿದ್ರೆ ಒಂದೇ ಎಳೆ ಜೋಡಿಸಿ ಹೋಗ್ತಿದ್ದೆ. ಈಗ ನೋಡಿ, ಎಲ್ಲಾ ಮನೆ ಎಳೇನೂ ಇಲ್ಲೇ ಕಟ್ ಆಗಿದೆ." ಹಾಗೆ ಒಳಗಿಟ್ಟಿದ್ದರೆ ಸಿಗ್ನಲ್ ಕಡಿಮೆಯಾಗುತ್ತಿತ್ತೇ ಎಂದೆ. "ಏನೂ ಇಲ್ಲ ಸಾರ್, ಮೀಟರ್‌ನಲ್ಲಿ ಅಷ್ಟೇ ಬರುತ್ತೆ."

ಅದೇ ವಾರ ನನ್ನ ಮೇಜಿನ ಮೇಲೆ ಮೌಲ್ಯಮಾಪನಕ್ಕೆ ಬಂದ ಪ್ರಾಜೆಕ್ಟ್ ವರದಿಗಳ ಒಂದು ಕಟ್ಟು ಇತ್ತು. ಅವುಗಳಲ್ಲಿ ಮೂರರ ವಿಷಯ ಇದೇ: ದ್ಯುತಿತಂತು ಜಾಲಗಳಲ್ಲಿ ಸ್ಪ್ಲಿಟರುಗಳನ್ನು ದಕ್ಷವಾಗಿ ಇರಿಸುವ ಬಗೆ. ಮೂರರಲ್ಲೂ ಗಣಿತವಿತ್ತು, ಬಣ್ಣದ ನಕ್ಷೆಗಳಿದ್ದವು, ಉಳಿತಾಯದ ಶೇಕಡಾವಾರು ಅಂಕಿಗಳಿದ್ದವು. ಒಂದರಲ್ಲೂ ಕೇಬಲ್ ತುಂಡಾಗುತ್ತಿರಲಿಲ್ಲ. ಈ ವಿಷಯದ ಪ್ರಕಟಿತ ಬರಹಗಳಲ್ಲೂ ಬಹುಪಾಲಿಗೆ ಇದೇ ಕೊರತೆಯಿದೆ. 'ದಕ್ಷ' ಎಂಬ ಪದಕ್ಕೆ ಅವು ಕೊಡುವ ಅರ್ಥ ತೀರ ಕಿರಿದು. ಹೇಗೆಂದು ನಿಮ್ಮೊಡನೆ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಸಲಕರಣೆಯ ಪರಿಚಯ. ಎಕ್ಸ್‌ಚೇಂಜಿನಿಂದ ಪ್ರತಿ ಮನೆಗೂ ಒಂದೊಂದು ತಂತು ಎಳೆದರೆ ದುಬಾರಿ. ಅದಕ್ಕೆ ಬದಲು ಒಂದೇ ತಂತುವನ್ನು ಊರವರೆಗೆ ತಂದು, ಅಲ್ಲಿ ಅದರ ಬೆಳಕನ್ನು 8, 16, 32 ಅಥವಾ 64 ಪಾಲು ಮಾಡಿ ಮನೆಗಳಿಗೆ ಹಂಚುತ್ತಾರೆ. ಹಂಚುವ ಸಾಧನವೇ ಸ್ಪ್ಲಿಟರ್. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಸ್ಪ್ಲಿಟರ್ ಒಂದು ಸಣ್ಣ ಸಿಲಿಕಾ ಚಿಪ್ಪು. ಅದರೊಳಗೆ ಬೆಳಕಿನ ಹಾದಿ ಕವೆಗೋಲಿನಂತೆ ಎರಡಾಗಿ, ಪ್ರತಿ ಕವಲು ಮತ್ತೆ ಎರಡಾಗಿ ಒಡೆಯುತ್ತದೆ. ಐದು ಸಲ ಹೀಗೆ ಕವಲೊಡೆದರೆ 32 ಪಾಲು. ಇದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಬೇಡ, ಫ್ಯಾನ್ ಬೇಡ. ಆದ್ದರಿಂದಲೇ ಇಂಥ ಜಾಲಕ್ಕೆ ನಿಷ್ಕ್ರಿಯ ದ್ಯುತಿಜಾಲ ಎಂದು ಹೆಸರು. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾಕಿರುವುದು ಇದರ ಜಿಪಾನ್ ಎಂಬ ಮಾದರಿಯನ್ನು. ಇದರಲ್ಲಿ ಎಕ್ಸ್‌ಚೇಂಜಿನಿಂದ ಮನೆಗೆ 1490 ನ್ಯಾನೊಮೀಟರ್ ತರಂಗದೂರದಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮನೆಯಿಂದ ಎಕ್ಸ್‌ಚೇಂಜಿಗೆ 1310 ನ್ಯಾನೊಮೀಟರಿನಲ್ಲಿ ಸುಮಾರು 1.25 ಗಿಗಾಬಿಟ್ ಹರಿಯುತ್ತದೆ.

ಬೆಳಕಿಗೆ ಜಾಗದ ಹಂಗಿಲ್ಲ

ಕೆಲಸಗಾರ ಹೇಳಿದ "ಅಷ್ಟೇ ಬರುತ್ತೆ" ಎಂಬ ಮಾತನ್ನು ಪರೀಕ್ಷಿಸೋಣ. ಬೆಳಕನ್ನು ಎರಡು ಸಮಪಾಲು ಮಾಡಿದರೆ ಒಂದೊಂದು ಪಾಲಿನ ಸಾಮರ್ಥ್ಯ ಅರ್ಧ. ಡೆಸಿಬೆಲ್ ಮಾನದಲ್ಲಿ ಇದು 3.01 ನಷ್ಟ. 32 ಪಾಲಿಗೆ ಐದು ಕವಲು, ಅಂದರೆ 15.05 ಡೆಸಿಬೆಲ್. ನಿಜವಾದ ಚಿಪ್ಪಿನಲ್ಲಿ ಅಂಚುಗಳ ಜೋಡಣೆ, ಬಾಗುಗಳ ಸೋರಿಕೆ ಸೇರಿ 17ರ ಆಸುಪಾಸು ಬರುತ್ತದೆ. ತಂತುವಿನ ಸ್ವಂತ ನಷ್ಟ 1310 ನ್ಯಾನೊಮೀಟರಿನಲ್ಲಿ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್. ಜಿಪಾನ್‌ನ 'ಬಿ ಪ್ಲಸ್' ವರ್ಗದ ಉಪಕರಣ ತಾಳಿಕೊಳ್ಳುವ ಒಟ್ಟು ನಷ್ಟ 28 ಡೆಸಿಬೆಲ್. ಕಳಿಸಿದ ಬೆಳಕಿನಲ್ಲಿ ಸುಮಾರು 630ರಲ್ಲಿ ಒಂದು ಪಾಲು ತಲುಪಿದರೂ ಸಾಕು ಎಂದು ಇದರರ್ಥ.

ಎಕ್ಸ್‌ಚೇಂಜಿನಿಂದ 20 ಕಿ.ಮೀ. ದೂರದ ಮನೆಯನ್ನು ತೆಗೆದುಕೊಳ್ಳಿ. ತಂತುವಿಗೆ 7, ಸ್ಪ್ಲಿಟರಿಗೆ 17, ಬೆಸುಗೆ ಮತ್ತು ಕನೆಕ್ಟರುಗಳಿಗೆ 3 ಎಂದಿಟ್ಟರೆ ಒಟ್ಟು 27 ಡೆಸಿಬೆಲ್. ಬಜೆಟ್ಟಿನೊಳಗೇ ಇದೆ. 64 ಪಾಲು ಮಾಡಿದರೆ ಇನ್ನೂ ಮೂರಕ್ಕಿಂತ ಹೆಚ್ಚು ಸೇರಿ ಮೀರಿಹೋಗುತ್ತದೆ; ಆಗ ದೂರ ಕಡಿಮೆ ಮಾಡಬೇಕು, ಇಲ್ಲವೇ ಮೇಲ್ವರ್ಗದ ಉಪಕರಣ ತರಬೇಕು.

ಈ ಕೂಡುವ ಲೆಕ್ಕದಲ್ಲಿ ಸ್ಪ್ಲಿಟರಿನ 17 ಎಂಬ ಅಂಕಿ ಮೊದಲು ಬಂದರೇನು, ಕೊನೆಗೆ ಬಂದರೇನು? ಮೊತ್ತ ಒಂದೇ. ಮೊದಲ ಕಿಲೋಮೀಟರಿನಲ್ಲಿಡಿ, ಹತ್ತೊಂಬತ್ತನೆಯದರಲ್ಲಿಡಿ, 27 ಬದಲಾಗದು. ಮೊದಲು ನಾಲ್ಕು ಪಾಲು ಮಾಡಿ ಮುಂದೆ ಒಂದೊಂದನ್ನೂ ಎಂಟು ಪಾಲು ಮಾಡಿದರೂ 6.02ಕ್ಕೆ 9.03 ಕೂಡಿ ಅದೇ 15.05, ಹೆಚ್ಚುವರಿ ಜೋಡಣೆಯ ಚಿಲ್ಲರೆ ನಷ್ಟವಷ್ಟೇ ಸೇರುತ್ತದೆ. ಗುಣಿಸುವ ಅಂಶಗಳ ಕ್ರಮ ಬದಲಾದರೂ ಗುಣಲಬ್ಧ ಬದಲಾಗದು ಎಂಬ ಪ್ರಾಥಮಿಕ ಶಾಲೆಯ ಪಾಠವೇ ಇದು. ಸ್ಪ್ಲಿಟರ್ ಎಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ ಭೌತವಿಜ್ಞಾನ ಹೀಗೆ ನಮಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದೆ. ಉತ್ತರವನ್ನು ಹಣ, ನೆಲ ಮತ್ತು ಮನುಷ್ಯರ ಕಡೆಯಿಂದ ಹುಡುಕಬೇಕು.

ಹಿಂದಿರುಗುವ ಬೆಳಕಿನ ಅರ್ಧ ಎಲ್ಲಿ ಹೋಯಿತು?

ತರಗತಿಯಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುವ ಪ್ರಶ್ನೆ ಒಂದಿದೆ. "ಸರ್, ಹೋಗುವಾಗ ಬೆಳಕು ಹಂಚಿಹೋಗುತ್ತದೆ, ನಷ್ಟ ಸರಿ. ಮನೆಯಿಂದ ವಾಪಸು ಬರುವಾಗ ಕವಲುಗಳು ಕೂಡುತ್ತವಲ್ಲ, ಆಗ ಯಾಕೆ ನಷ್ಟ?" ಕಾಲುವೆಯ ಹೋಲಿಕೆ ಹೇಳಿದವರೇ ಈ ಗೊಂದಲಕ್ಕೆ ಕಾರಣ. ನಾನೂ ಹೇಳಿದವನೇ. ವಿತರಣಾ ಕಾಲುವೆಯ ನೀರು ಮುಖ್ಯ ಕಾಲುವೆಗೆ ಹಿಂದಿರುಗಿದರೆ ಪೂರ್ತಿ ಸೇರುತ್ತದೆ. ಬೆಳಕು ಹಾಗೆ ಸೇರುವುದಿಲ್ಲ. ಅರ್ಧ ಕಾಣೆಯಾಗುತ್ತದೆ.

ಕವೆಗೋಲಿನಾಕಾರದ ಒಂದು ಸಂಧಿಯನ್ನು ಕಲ್ಪಿಸಿಕೊಳ್ಳಿ. ಕಾಂಡದಿಂದ ಬಂದ ಅಲೆ ಎರಡು ತೋಳುಗಳಲ್ಲಿ ಸಮವಾಗಿ, ಒಂದೇ ಪ್ರಾವಸ್ಥೆಯಲ್ಲಿ ಹೋಗುತ್ತದೆ. ಇದನ್ನು ಹಿಂದುಮುಂದಾಗಿ ನಡೆಸಿದರೆ, ಎರಡೂ ತೋಳುಗಳಿಂದ ಸಮನಾದ, ಒಂದೇ ಪ್ರಾವಸ್ಥೆಯ ಅಲೆಗಳು ಬಂದಾಗ ಮಾತ್ರ ಅವು ಪೂರ್ತಿಯಾಗಿ ಕಾಂಡವನ್ನು ಸೇರುತ್ತವೆ. ಆದರೆ ಜಿಪಾನ್‌ನಲ್ಲಿ ಮನೆಗಳು ಸರದಿಯ ಮೇಲೆ ಮಾತಾಡುತ್ತವೆ. ಒಂದು ಕ್ಷಣಕ್ಕೆ ಒಂದೇ ತೋಳಿನಲ್ಲಿ ಬೆಳಕು. ಆ ಒಂದು ತೋಳಿನ ಅಲೆಯನ್ನು ನಾವು ಎರಡು ಜೋಡಿಗಳ ಮೊತ್ತವಾಗಿ ಬರೆಯಬಹುದು. ಮೊದಲ ಜೋಡಿಯಲ್ಲಿ ಎರಡೂ ತೋಳುಗಳಲ್ಲಿ ಅರ್ಧ, ಅರ್ಧ. ಎರಡನೆಯದರಲ್ಲಿ ಈ ತೋಳಿನಲ್ಲಿ ಅರ್ಧ, ಆ ತೋಳಿನಲ್ಲಿ ಋಣ ಅರ್ಧ. ಕೂಡಿದರೆ ಈ ತೋಳಿನಲ್ಲಿ ಒಂದು, ಆ ತೋಳಿನಲ್ಲಿ ಸೊನ್ನೆ. ಸಮಪ್ರಾವಸ್ಥೆಯ ಜೋಡಿ ಕಾಂಡಕ್ಕೆ ಇಳಿಯುತ್ತದೆ. ವಿರುದ್ಧ ಪ್ರಾವಸ್ಥೆಯ ಜೋಡಿಯನ್ನು ಹೊರುವ ಶಕ್ತಿ ಏಕಮೋಡ್ ಕಾಂಡಕ್ಕಿಲ್ಲ. ಅದು ಸುತ್ತಲ ಗಾಜಿನಲ್ಲಿ ಚದುರಿಹೋಗುತ್ತದೆ. ಸಾಮರ್ಥ್ಯವು ಆಂಪ್ಲಿಟ್ಯೂಡಿನ ವರ್ಗಕ್ಕೆ ಅನುಪಾತವಾದ್ದರಿಂದ ಒಂದೊಂದು ಜೋಡಿಯ ಪಾಲು ಕಾಲು ಮತ್ತು ಕಾಲು, ಅಂದರೆ ಅರ್ಧ. ಆದ್ದರಿಂದ ಬರುವಾಗಲೂ ಪ್ರತಿ ಕವಲಿಗೆ 3 ಡೆಸಿಬೆಲ್.

ಈ ನಷ್ಟವನ್ನು ಜಾಣ ವಿನ್ಯಾಸದಿಂದ ತಪ್ಪಿಸಬಹುದೇ? ಒಂದೇ ಕಾಂಡವಿರುವವರೆಗೆ ಆಗದು. ಆಗುವಂತಿದ್ದರೆ ಎರಡು ಸಮಾನ ತಾಪದ ಮೂಲಗಳ ಬೆಳಕನ್ನು ಒಂದೇ ಮೋಡಿನಲ್ಲಿ ತುಂಬಿ ಮೂರನೆಯ ವಸ್ತುವನ್ನು ಅವೆರಡಕ್ಕಿಂತ ಬಿಸಿ ಮಾಡಬಹುದಿತ್ತು. ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮ ಅದಕ್ಕೆ ಒಪ್ಪುವುದಿಲ್ಲ. ಆದರೆ ಕವೆಗೋಲಿಗೆ ಬದಲು, ಎರಡು ಕಾಂಡ ಎರಡು ತೋಳುಗಳಿರುವ ಸಂಧಿಯನ್ನು ಬಳಸಿದರೆ ಕಾಣೆಯಾಗುತ್ತಿದ್ದ ಅರ್ಧ ಎರಡನೆಯ ಕಾಂಡದಲ್ಲಿ ಹೊರಬರುತ್ತದೆ! ಸೋರಿಹೋಗುವ ಬದಲು ಬೇರೊಂದು ಬಾಗಿಲಿನಿಂದ ಸಿಗುತ್ತದೆ. ಇದನ್ನು ನೆನಪಿನಲ್ಲಿಡಿ, ಲೇಖನದ ಕೊನೆಯ ಭಾಗದಲ್ಲಿ ಬೇಕಾಗುತ್ತದೆ.

ಒಂದು ಬೀದಿಯ ಲೆಕ್ಕ

ಈಗ ನೆಲಕ್ಕೆ ಬರೋಣ. ಒಂದು ನೇರ ಬೀದಿ, 32 ಮನೆ, 20 ಮೀಟರಿಗೊಂದರಂತೆ. ಬೀದಿಯ ಬಾಯಿಂದ ಮೊದಲ ಮನೆ 20 ಮೀ., ಕೊನೆಯದು 640 ಮೀ. ಎಕ್ಸ್‌ಚೇಂಜಿನ ಕಾಂಡತಂತು ಬಾಯಿಯವರೆಗೆ ಬಂದಿದೆ.

ಸ್ಪ್ಲಿಟರನ್ನು ಬಾಯಲ್ಲೇ ಇಟ್ಟರೆ ಮನೆಗಳ ತಂತುಗಳ ಒಟ್ಟು ಉದ್ದ 20ನ್ನು 1ರಿಂದ 32ರವರೆಗಿನ ಮೊತ್ತದಿಂದ ಗುಣಿಸಿದಷ್ಟು: 10,560 ಮೀ. ಬೀದಿಯ ನಡುವೆ, 330 ಮೀಟರಿನಲ್ಲಿಟ್ಟರೆ ಎರಡೂ ಬದಿಗೆ ಹದಿನಾರು ಮನೆಗಳ ತಂತು ಸೇರಿ 5,120 ಮೀ., ಕಾಂಡದ 330 ಸೇರಿ 5,450 ಮೀ. ಹೆಚ್ಚುಕಡಿಮೆ ಅರ್ಧ ಉಳಿತಾಯ. ಇನ್ನೊಂದು ದಾರಿಯೆಂದರೆ ಬಾಯಲ್ಲಿ ನಾಲ್ಕು ಪಾಲಿನ ಸ್ಪ್ಲಿಟರ್ ಇಟ್ಟು, ಎಂಟೆಂಟು ಮನೆಗಳ ನಾಲ್ಕು ಗುಂಪುಗಳ ನಡುವೆ ಎಂಟು ಪಾಲಿನ ಒಂದೊಂದು ಇಡುವುದು. ಆಗ ಮನೆಗಳ ತಂತು 1,280 ಮೀ., ಗುಂಪುಗಳಿಗೆ ಹೋಗುವ ತಂತು 1,320 ಮೀ., ಒಟ್ಟು 2,600 ಮೀ. ಮತ್ತೆ ಅರ್ಧಕ್ಕಿಳಿಯಿತು. ಉಳಿತಾಯದ ಶೇಕಡಾವಾರು ಅಂಕಿಗಳು ಹುಟ್ಟುವುದು ಇಂಥ ಲೆಕ್ಕದಿಂದಲೇ.

ಆದರೆ ಬೀದಿಯಲ್ಲಿ ತೋಡಿದ ಕಾಲುವೆ ಎಷ್ಟು? ಮೂರು ವಿನ್ಯಾಸದಲ್ಲೂ 640 ಮೀ. ಒಂದಂಗುಲವೂ ಕಡಿಮೆಯಿಲ್ಲ. ಕೇಬಲ್ ಹಾಕಿಸಿದ ಯಾರನ್ನಾದರೂ ಕೇಳಿ: ರಸ್ತೆ ಅಗೆದು, ಕೊಳವೆ ಹೂತು, ಮುಚ್ಚಿ, ಡಾಂಬರು ಹಾಕಿಸುವ ಖರ್ಚಿನ ಮುಂದೆ ಗಾಜಿನ ಎಳೆಯ ಬೆಲೆ ಏನೂ ಅಲ್ಲ. ಒಂದೇ ಕಾಲುವೆಯಲ್ಲಿ ಒಂದು ಎಳೆ ಹೋದರೂ ಮೂವತ್ತೆರಡು ಹೋದರೂ ಅಗೆತ ಒಂದೇ. ಮನೆಯಿಂದ ಸ್ಪ್ಲಿಟರಿಗಿರುವ ದೂರಗಳನ್ನು ಕೂಡಿ ಅದನ್ನೇ 'ವೆಚ್ಚ' ಎನ್ನುವ ವರದಿಗಳು ಒಂದೇ ಕಾಲುವೆಯನ್ನು ಮೂವತ್ತೆರಡು ಸಲ ತೋಡಿಸಿ, ಆಮೇಲೆ ಅದರಲ್ಲಿ ಅರ್ಧ ಉಳಿಸಿದೆವೆಂದು ಹೇಳಿಕೊಳ್ಳುತ್ತವೆ. ಕಂಬದ ಮೇಲೆ ಕೇಬಲ್ ಎಳೆಯುವ ಕಡೆ ಈ ಆಕ್ಷೇಪ ತುಸು ಸಡಿಲವಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಸರಾಸರಿಯೋ ಮಧ್ಯಾಂಕವೋ

ಮೂರು ವರದಿಗಳಲ್ಲಿ ಎರಡು, ಮನೆಗಳನ್ನು ಗುಂಪು ಮಾಡಲು ಕೆ-ಮೀನ್ಸ್ ಎಂಬ ವಿಧಾನವನ್ನು ಬಳಸಿದ್ದವು. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುತ್ತದೆ, ಬೇಗ ಮುಗಿಯುತ್ತದೆ, ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಅದು ಕನಿಷ್ಠಗೊಳಿಸುವುದು ದೂರಗಳ ವರ್ಗಗಳ ಮೊತ್ತವನ್ನು. ತಂತುವಿನ ಬೆಲೆ ದೂರಕ್ಕೆ ಅನುಪಾತವೇ ಹೊರತು ದೂರದ ವರ್ಗಕ್ಕಲ್ಲ. ವರ್ಗಗಳ ಮೊತ್ತ ಕನಿಷ್ಠವಾಗುವುದು ಸರಾಸರಿಯ ಬಿಂದುವಿನಲ್ಲಿ. ದೂರಗಳ ಮೊತ್ತ ಕನಿಷ್ಠವಾಗುವುದು ಮಧ್ಯಾಂಕದಲ್ಲಿ. ಹೈಸ್ಕೂಲಿನ ಸಂಖ್ಯಾಶಾಸ್ತ್ರದಲ್ಲಿ ಇವೆರಡನ್ನೂ ನೀವು ಕಲಿಸುತ್ತೀರಿ ಅಥವಾ ಕಲಿತಿದ್ದೀರಿ. ವ್ಯತ್ಯಾಸ ಎಷ್ಟೆಂದು ನೋಡಿ. ಒಂದು ದಾರಿಯಲ್ಲಿ 0, 10, 20, 30 ಮೀಟರುಗಳಲ್ಲಿ ನಾಲ್ಕು ಮನೆ, 340 ಮೀಟರಿನಲ್ಲಿ ತೋಟದ ಮನೆಯೊಂದು ಇದೆ ಎನ್ನಿ. ಸರಾಸರಿ 80, ಅಲ್ಲಿ ಸ್ಪ್ಲಿಟರ್ ಇಟ್ಟರೆ ಬೇಕಾಗುವ ತಂತು 520 ಮೀ. ಮಧ್ಯಾಂಕ 20; ಅಲ್ಲಿಟ್ಟರೆ 360 ಮೀ. ತಮ್ಮದೇ ಅಳತೆಗೋಲಿನಲ್ಲೂ ಈ ವರದಿಗಳು 160 ಮೀ. ಸೋಲುತ್ತವೆ. ಹಳ್ಳಿಗಳಲ್ಲಿ ಮನೆಗಳು ಒಂದೆಡೆ ಒತ್ತೊತ್ತಾಗಿ, ಒಂದೆರಡು ದೂರದಲ್ಲಿ ಇರುವುದೇ ಹೆಚ್ಚಾದ್ದರಿಂದ ಇದು ಅಪರೂಪದ ತಪ್ಪಲ್ಲ.

ಮೂರನೆಯ ವರದಿ ಜೆನೆಟಿಕ್ ಆಲ್ಗರಿದಮ್ ಬಳಸಿ ಖಾಲಿ ಚೌಕದೊಳಗಿನ ಎಲ್ಲ ಬಿಂದುಗಳಲ್ಲೂ ಉತ್ತಮ ಜಾಗವನ್ನು ಹುಡುಕಿತ್ತು. ಮೌಖಿಕ ಪರೀಕ್ಷೆಯಲ್ಲಿ, "ನಿನ್ನ ಸ್ಪ್ಲಿಟರ್ ಈಗ ಎಲ್ಲಿದೆ ಗೊತ್ತೇನಪ್ಪ, ಕೆರೆಯಲ್ಲಿದ್ದರೆ?" ಎಂದೆ. ಹುಡುಗ ನಕ್ಕ. ತಪ್ಪು ಅವನದಲ್ಲ, ಮಾದರಿಯಾಗಿ ಕೊಟ್ಟ ಪ್ರಬಂಧದಲ್ಲೂ ರಸ್ತೆಗಳಿರಲಿಲ್ಲ. ತಂತು ಹೋಗುವುದು ರಸ್ತೆಯ ಗುಂಟ. ರಸ್ತೆಗಳ ಜಾಲದ ಮೇಲೆ ಇಂಥ ಮಧ್ಯಾಂಕವನ್ನು ಹುಡುಕುವ ಬಗ್ಗೆ ಎಸ್. ಎಲ್. ಹಕೀಮಿ 1964ರಲ್ಲೇ ಒಂದು ಸೊಗಸಾದ ಪ್ರಮೇಯವನ್ನು ಕೊಟ್ಟರು: ಉತ್ತಮ ಜಾಗಗಳಲ್ಲಿ ಕನಿಷ್ಠ ಒಂದು, ಜಾಲದ ಯಾವುದಾದರೂ ಗಂಟಿನಲ್ಲೇ ಇರುತ್ತದೆ. ಗಂಟು ಎಂದರೆ ಇಲ್ಲಿ ಮನೆ ಅಥವಾ ಕೂಡುರಸ್ತೆ. ದಾರಿಯ ನಡುವಿನ ಅಸಂಖ್ಯ ಬಿಂದುಗಳನ್ನು ನೋಡುವ ಅಗತ್ಯವೇ ಇಲ್ಲ! ಒಂದು ಸ್ಪ್ಲಿಟರಿಗಾದರೆ ಒಂದು ಹಳ್ಳಿಯ ಲೆಕ್ಕವನ್ನು ಕಾಗದದ ಮೇಲೆ ಮುಗಿಸಬಹುದು. ಸ್ಪ್ಲಿಟರುಗಳ ಸಂಖ್ಯೆ ಹೆಚ್ಚಿದಂತೆ ಲೆಕ್ಕ ಬಲು ಕಷ್ಟವಾಗುತ್ತದೆ ಎಂಬುದೂ ನಿಜ. ಕಾರಿವ್ ಮತ್ತು ಹಕೀಮಿ 1979ರಲ್ಲಿ ಅದನ್ನೂ ಸಿದ್ಧಪಡಿಸಿದ್ದಾರೆ. ಕಂಪ್ಯೂಟರ್ ಬೇಕಾಗುವುದು ಅಲ್ಲಿ.

ಇನ್ನೊಂದು ಮರೆವು ಚಂದಾದಾರರದು. ವರದಿಗಳಲ್ಲಿ 32 ಮನೆಯಿದ್ದರೆ 32 ಮನೆಯೂ ಸಂಪರ್ಕ ಪಡೆಯುತ್ತದೆ. ಊರಿನಲ್ಲಿ ಹಾಗಾಗುವುದಿಲ್ಲ. ನಮ್ಮ ಬೀದಿಯಂಥ ಮೂರು ಬೀದಿಗಳಲ್ಲಿ ತಲಾ ಹತ್ತು ಮನೆ ಮಾತ್ರ ಸೇರಿದವು ಎನ್ನಿ. ಮೂರೂ ಕೂಡುವಲ್ಲಿ 32 ಪಾಲಿನ ಒಂದು ಸ್ಪ್ಲಿಟರ್ ಇಟ್ಟಿದ್ದರೆ ಮೂವತ್ತು ಮನೆಗೂ ಅದೊಂದೇ ಸಾಕು, ಎಕ್ಸ್‌ಚೇಂಜಿನಲ್ಲಿ ಒಂದೇ ಪೋರ್ಟ್ ಸಾಕು. ಬೀದಿಗೊಂದರಂತೆ ಒಳಗೆ ಹಂಚಿಟ್ಟಿದ್ದರೆ ಮೂರು ಪೋರ್ಟ್ ಬೇಕು, ಒಂದೊಂದರಲ್ಲೂ ಮೂರನೆಯ ಎರಡು ಪಾಲು ಖಾಲಿ. ತಂತುವಿನ ಲೆಕ್ಕದಲ್ಲಿ ಗೆದ್ದ ವಿನ್ಯಾಸ ಇಲ್ಲಿ ಸೋಲುತ್ತದೆ. ಎಲ್ಲರೂ ಸೇರಿದ ಮೇಲೆ ಮತ್ತೆ ಗೆಲ್ಲುತ್ತದೆ.

ಕೇಬಲ್ ತುಂಡಾದರೆ

ಈಗ ಅಗೆಯುವ ಯಂತ್ರವನ್ನು ನಮ್ಮ 32 ಮನೆಯ ಬೀದಿಗೆ ಕರೆಯೋಣ. ಬಾಯಿಂದ 210 ಮೀಟರಿನಲ್ಲಿ, ಹತ್ತನೆಯ ಮತ್ತು ಹನ್ನೊಂದನೆಯ ಮನೆಗಳ ನಡುವೆ, ಕಾಲುವೆಯಲ್ಲಿರುವುದೆಲ್ಲ ತುಂಡಾಯಿತು.

ಸ್ಪ್ಲಿಟರ್ ಬಾಯಲ್ಲಿದ್ದರೆ ಕಡಿತದಾಚೆಯ 22 ಮನೆ ಕತ್ತಲು. ಬೆಸೆಯಬೇಕಾದ ಎಳೆಗಳೂ 22. ನಮ್ಮ ಬೀದಿಯಲ್ಲಿ ಆದದ್ದು ಇದೇ ಬಗೆಯದು. ಎರಡು ಹಂತದ ವಿನ್ಯಾಸದಲ್ಲಿ ಮೂರು ಗುಂಪುಗಳ 24 ಮನೆ ಕತ್ತಲು, ಆದರೆ ಎಳೆಗಳು ಐದೇ: ಗುಂಪುಗಳಿಗೆ ಹೋಗುವ ಮೂರು ಮತ್ತು ಎರಡನೆಯ ಗುಂಪಿನಿಂದ ಹಿಂದಕ್ಕೆ ಬರುವ ಎರಡು. ಕೆಲಸಗಾರನಿಗೆ ಇದು ಎಷ್ಟೋ ವಾಸಿ. ಇನ್ನು ನಡುವೆ ಸ್ಪ್ಲಿಟರ್ ಇದ್ದರೆ? ಕಾಂಡವೇ ಕಡಿದಿದ್ದರಿಂದ 32 ಮನೆಯೂ ಕತ್ತಲು. ಎಳೆಗಳು ಹನ್ನೊಂದು. ಇಲ್ಲಿ ಮೊದಲ ಹತ್ತು ಮನೆಗಳ ಪಾಡನ್ನು ಗಮನಿಸಿ. ಅವು ಎಕ್ಸ್‌ಚೇಂಜಿಗೂ ಕಡಿತಕ್ಕೂ ನಡುವೆ ಇವೆ. ಅವುಗಳ ಮನೆ ಮುಂದೆ ಯಾರೂ ಅಗೆದಿಲ್ಲ. ಆದರೂ ಅವುಗಳ ಬೆಳಕು ಮನೆಯನ್ನು ದಾಟಿ ಮುಂದೆ ಹೋಗಿ, ಸ್ಪ್ಲಿಟರ್ ಹೊಕ್ಕು ಹಿಂದಿರುಗಬೇಕಾಗಿದ್ದರಿಂದ ಸೇವೆ ನಿಂತಿತು. ಮಧ್ಯಾಂಕದ ಜಾಗ, ಒಂದೇ ಸ್ಪ್ಲಿಟರಿಗೆ ಗಣಿತ ಹೇಳುವ ಅತ್ಯಂತ ದಕ್ಷ ಜಾಗ, ಕಡಿತದ ದಿನ ಅತ್ಯಂತ ಕೆಟ್ಟದ್ದಾಯಿತು. ಕೆಲಸಗಾರ ಹೇಳಿದ್ದು ಅರ್ಧ ನಿಜ: ಒಳಗಿಟ್ಟಿದ್ದರೆ ಅವನ ಬೆಸುಗೆ ಕಡಿಮೆಯಾಗುತ್ತಿತ್ತು, ಕತ್ತಲಾಗುವ ಮನೆಗಳು ಹೆಚ್ಚುತ್ತಿದ್ದವು.

ಇಲ್ಲಿ ಹಿಂದಿನ ಸಂಧಿಯನ್ನು ನೆನಪಿಸಿಕೊಳ್ಳಿ. ಸ್ಪ್ಲಿಟರಿನ ಮೊದಲ ಕವಲನ್ನು ಎರಡು ಕಾಂಡದ ಸಂಧಿಯಾಗಿ ಮಾಡಿದರೆ ಅದು 2:32 ಸ್ಪ್ಲಿಟರ್. ಇಂಥವು ಮಾರುಕಟ್ಟೆಯಲ್ಲಿವೆ, 1:32ಕ್ಕೂ ಇದಕ್ಕೂ ನಷ್ಟದಲ್ಲಿ ಸುಮಾರು ಅರ್ಧ ಡೆಸಿಬೆಲ್ ವ್ಯತ್ಯಾಸ. ಮನೆಯ ಬೆಳಕಿನಲ್ಲಿ ಆ ಕೊನೆಯ ಸಂಧಿಯಲ್ಲಿ ಗಾಜಿಗೆ ಚೆಲ್ಲಿಹೋಗುತ್ತಿದ್ದ ಅರ್ಧ ಈಗ ಎರಡನೆಯ ಕಾಂಡದಲ್ಲಿ ಎಕ್ಸ್‌ಚೇಂಜಿನತ್ತ ಹೊರಡುತ್ತದೆ. ಉಳಿದ ನಾಲ್ಕು ಕವಲುಗಳ ನಷ್ಟ ಹಾಗೇ ಇರುತ್ತದೆ, ಅದನ್ನು ಮರೆಯಬಾರದು. ಜಿಪಾನ್‌ನ ಮಾನಕಗಳಲ್ಲಿ ಎರಡು ಕಾಂಡಗಳ ಈ ರಕ್ಷಣೆಗೆ 'ಬಿ ಬಗೆ' ಎಂಬ ಹೆಸರೂ ಇದೆ. ಒಂದು ಕಾಂಡ ಕಡಿದರೆ ಎಕ್ಸ್‌ಚೇಂಜಿನ ಉಪಕರಣ ಇನ್ನೊಂದಕ್ಕೆ ಹೊರಳುತ್ತದೆ.

ಸ್ಪ್ಲಿಟರನ್ನು ನಡುವೆಯೇ ಇಟ್ಟು, ಎರಡನೆಯ ಕಾಂಡವನ್ನು ಬೀದಿಯ ಆಚೆ ತುದಿಯಿಂದ ತನ್ನಿ. ಅದೇ 210 ಮೀಟರಿನ ಕಡಿತ. ಈಗ ಕತ್ತಲಾಗುವುದು ಮೊದಲ ಹತ್ತು ಮನೆ ಮಾತ್ರ. ಬೀದಿಯಲ್ಲಿ ಎಲ್ಲಿ ಕಡಿದರೂ ಹದಿನಾರಕ್ಕಿಂತ ಹೆಚ್ಚು ಮನೆ ಕತ್ತಲಾಗುವಂತಿಲ್ಲ. ಬಾಯಲ್ಲಿಟ್ಟ ಸ್ಪ್ಲಿಟರಿಗೆ ಎರಡು ಕಾಂಡ ಕೊಟ್ಟರೂ ಬೀದಿಯೊಳಗಿನ ಕಡಿತಕ್ಕೆ ಅದು ಏನೂ ಮಾಡಲಾರದು. ಒಂದು ಕಾಂಡವಿದ್ದಾಗ ಅತಿ ಕೆಟ್ಟದ್ದಾಗಿದ್ದ ಜಾಗ ಎರಡು ಕಾಂಡವಿದ್ದಾಗ ಅತಿ ಒಳ್ಳೆಯದಾಯಿತು! ಬೀದಿಯೊಳಗೆ ಹೆಚ್ಚಿಗೆ ಬೇಕಾದ ತಂತು 310 ಮೀ.; ಒಟ್ಟು 5,760, ಬಾಯಲ್ಲಿಡುವ ವಿನ್ಯಾಸದ ಅರ್ಧಕ್ಕಿಂತ ತುಸು ಹೆಚ್ಚು. ನಿಜವಾದ ಖರ್ಚು ಬೀದಿಯ ಹೊರಗಿದೆ. ಎರಡನೆಯ ಕಾಂಡ ಎಕ್ಸ್‌ಚೇಂಜಿಗೆ ಬೇರೆ ರಸ್ತೆಯಲ್ಲಿ ಹೋಗಬೇಕು. ಒಂದೇ ಕಾಲುವೆಯಲ್ಲಿ ಎರಡು ಕಾಂಡ ಹೂತರೆ ಒಂದೇ ಹಲ್ಲಿಗೆ ಎರಡೂ ಹೋಗುತ್ತವೆ.

ಎಂದ ಮೇಲೆ ಎಷ್ಟು ಕಾಂಡ, ಯಾವ ದಾರಿ ಎಂಬುದನ್ನು ಗೊತ್ತು ಮಾಡದೆ ಸ್ಪ್ಲಿಟರಿನ ಉತ್ತಮ ಜಾಗ ಯಾವುದು ಎಂದು ಕೇಳುವುದೇ ಅಪೂರ್ಣ ಪ್ರಶ್ನೆ. ನಾನು ಓದಿದ ಹೆಚ್ಚಿನ ಪ್ರಬಂಧಗಳು ಕವಲೊಡೆದ ಮರದ ಆಕಾರವನ್ನು ಮೊದಲೇ ಒಪ್ಪಿಕೊಂಡು, ಮರದ ಮೇಲೆ ಗಂಟು ಎಲ್ಲಿರಬೇಕು ಎಂದು ಹುಡುಕುತ್ತವೆ. ಮರದಲ್ಲಿ ಎರಡು ಬಿಂದುಗಳ ನಡುವೆ ಒಂದೇ ದಾರಿ. ಕನಿಷ್ಠ ಉದ್ದವೆಂಬ ಗುರಿ ಇಟ್ಟರೆ ಗಣಿತ ಮರವನ್ನೇ ಕೊಡುತ್ತದೆ, ಏಕೆಂದರೆ ಎರಡನೆಯ ದಾರಿ ಅದರ ಕಣ್ಣಿಗೆ ವ್ಯರ್ಥ.

ಕಾಗದದಾಚೆಯ ಒಂದು ಉದಾಹರಣೆ

ಇದು ಬರೀ ತರಗತಿಯ ಚರ್ಚೆಯಲ್ಲ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ದ್ಯುತಿತಂತು ಜಾಲ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಮೆಗಾಬಿಟ್ ಸಂಪರ್ಕ ಕೊಡುವ ಗುರಿ. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ತಾಲ್ಲೂಕು ಅಥವಾ ಬ್ಲಾಕ್ ಮಟ್ಟದಲ್ಲಿ ಎಕ್ಸ್‌ಚೇಂಜಿನ ಉಪಕರಣ, ಪಂಚಾಯಿತಿ ಕಚೇರಿಯಲ್ಲಿ ಕೊನೆಯ ಪೆಟ್ಟಿಗೆ, ನಡುವೆ ಸ್ಪ್ಲಿಟರ್, ಜಿಪಾನ್ ತಂತ್ರಜ್ಞಾನ. ಸಾರ್ವಜನಿಕ ಸಂಸ್ಥೆಗಳು ಆಗಲೇ ಹೂತಿದ್ದ ತಂತುವನ್ನು ಸಾಧ್ಯವಾದಷ್ಟೂ ಬಳಸಿ, ಅದು ಮುಟ್ಟದ ಅಂತರವನ್ನು ಮಾತ್ರ ಹೊಸದಾಗಿ ಹಾಕುವುದೆಂಬ ನಿರ್ಧಾರ.

ನಡುದಾರಿಯಲ್ಲಿ ವಿದ್ಯುತ್ ಬೇಡದ ನಿಷ್ಕ್ರಿಯ ಸಾಧನವನ್ನು ಆರಿಸಿದ್ದು ನಮ್ಮ ಹಳ್ಳಿಗಳ ವಿದ್ಯುತ್ ಪರಿಸ್ಥಿತಿಯನ್ನು ನೋಡಿದರೆ ಸರಿಯೇ. ಹೊಸ ಅಗೆತ ಕಡಿಮೆ ಮಾಡಿದ್ದೂ ಮೇಲಿನ ನಮ್ಮ ಲೆಕ್ಕದ ಪ್ರಕಾರ ಜಾಣತನವೇ. ಆದರೆ ಹತ್ತಿರದ ಹಳೆಯ ತಂತುವಿನಿಂದ ಪಂಚಾಯಿತಿಗೆ ಕನಿಷ್ಠ ಉದ್ದ ಎಂದು ಹೊರಟಾಗ ಸಿಕ್ಕ ಆಕಾರ ಮರದ್ದು. ಎಲ್ಲೋ ಒಂದು ಕಡೆ ರಸ್ತೆ ಅಗಲ ಮಾಡಿದರೆ ಆಚೆಯ ಪಂಚಾಯಿತಿಗಳಿಗೆ ಬೇರೆ ದಾರಿಯಿಲ್ಲ. 2015ರಲ್ಲಿ ಯೋಜನೆಯನ್ನು ಪರಿಶೀಲಿಸಿದ ಸಮಿತಿ ಉಂಗುರದ ಆಕಾರವನ್ನು ಶಿಫಾರಸು ಮಾಡಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ, ನಿರ್ವಹಣೆಯ ಖರ್ಚೂ ಸೇರಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಕಾರ್ಯಕ್ರಮದ ಮುಖ್ಯ ಅಂಶಗಳಲ್ಲಿ ಒಂದು, ಬ್ಲಾಕಿನಿಂದ ಪಂಚಾಯಿತಿಗೆ ಇರುವ ಜಾಲವನ್ನು ಉಂಗುರವಾಗಿ ಮಾಡುವುದು. ಅಲ್ಲಿ ಈಗ ಸ್ಪ್ಲಿಟರಿಗೆ ಬದಲು ರೂಟರುಗಳು ಬರುತ್ತವೆ. ಪಂಚಾಯಿತಿ ಸಂಪರ್ಕಗಳು ಕೆಲಸ ಮಾಡದಿದ್ದುದಕ್ಕೆಲ್ಲ ಆಕಾರವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕರೆಂಟು, ನಿರ್ವಹಣೆ, ಬಳಕೆ ಎಲ್ಲಕ್ಕೂ ಅವುಗಳ ಪಾಲಿದೆ. ಆದರೆ ಹನ್ನೆರಡು ವರ್ಷದ ನಂತರ ಎರಡನೆಯ ದಾರಿಗಾಗಿ ಮತ್ತೆ ಅಗೆಯುವುದು ಮೊದಲೇ ಅಗೆಯುವುದಕ್ಕಿಂತ ಅಗ್ಗವಾಗುವುದಿಲ್ಲ.

ಸ್ಪ್ಲಿಟರಿನ ಜಾಗ ಬಹುಕಾಲ ಉಳಿಯುವ ನಿರ್ಧಾರವೆಂಬುದನ್ನೂ ವರದಿಗಳು ಹೇಳುವುದಿಲ್ಲ. ಸಿಲಿಕಾ ಚಿಪ್ಪು 1260ರಿಂದ 1650 ನ್ಯಾನೊಮೀಟರಿನವರೆಗೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತದೆ. 2016ರಲ್ಲಿ ಮಾನಕವಾದ 10 ಗಿಗಾಬಿಟ್ ಜಾಲ 1577 ಮತ್ತು 1270 ನ್ಯಾನೊಮೀಟರುಗಳನ್ನು ಬಳಸುವುದರಿಂದ ಅದೇ ಹಳೆಯ ಸ್ಪ್ಲಿಟರಿನಲ್ಲಿ ಜಿಪಾನ್ ಜೊತೆಗೇ ನಡೆಯಬಲ್ಲದು. ಎರಡು ತುದಿಯ ಪೆಟ್ಟಿಗೆಗಳು ಬದಲಾಗುತ್ತವೆ, ಕಾಲುವೆ ಮತ್ತು ಅದರೊಳಗಿನ ಗಂಟು ಇದ್ದಲ್ಲೇ ಇರುತ್ತವೆ.

ಪಾಠ ಮಾಡುವವರಿಗೆ ಒಂದು ಚಟುವಟಿಕೆ ಸೂಚಿಸುತ್ತೇನೆ. ನಿಮ್ಮ ಶಾಲೆಯ ಸುತ್ತಲಿನ ಎರಡು ಮೂರು ಬೀದಿಗಳ ನಕ್ಷೆಯನ್ನು ಮಕ್ಕಳಿಂದ ಬರೆಸಿ; ದೂರಗಳನ್ನು ಹೆಜ್ಜೆಯಲ್ಲಿ ಅಳೆದರೂ ಸಾಕು. ಪ್ರತಿ ಕೂಡುರಸ್ತೆಯಲ್ಲೂ ಸ್ಪ್ಲಿಟರ್ ಇಟ್ಟು ಮೂರು ಅಂಕಿ ಬರೆಸಿ: ಒಟ್ಟು ತಂತು, ಒಟ್ಟು ಅಗೆತ, ಅತಿ ಕೆಟ್ಟ ಒಂದು ಕಡಿತಕ್ಕೆ ಕತ್ತಲಾಗುವ ಮನೆಗಳು. ಮೂರಕ್ಕೂ ಒಂದೇ ಜಾಗ ಉತ್ತರವಾಗಿ ಬರುವುದು ಅಪರೂಪ. ಬಂದರೆ ಎರಡನೆಯ ಕಾಂಡವನ್ನು ಬೇರೆ ರಸ್ತೆಯಿಂದ ತಂದು ಮೂರನೆಯ ಅಂಕಿಯನ್ನು ಮತ್ತೊಮ್ಮೆ ಬರೆಸಿ ನೋಡಿ.